ಮೂರು ಚುಕ್ಕೆ ಕಂಡ ಎಲೆ

೧.
ಎಲ್ಲಿಂದ ಶುರುಮಾಡಲಿ? ಗಾಳಿಮಳೆಯಿಂದಲೇ ಮಾಡುತ್ತೇನೆ, ಕಥೆ ಕೆಟ್ಟರೂ ಮಳೆಯಾದರೂ ಉಳಿದೀತು. ಆ ಬೆಳಿಗ್ಗೆ ಮಕಾವ್‌ನಲ್ಲಿ ಮೂರನೇ ನಂಬರಿನ ಬಿರುಗಾಳಿ ಸೂಚನೆ ಏರಿತ್ತು. ಮಧ್ಯಾಹ್ನಕ್ಕೆ ಎಂಟು ಏರಿದರೆ ಸೇತುವೆ ಬಂದ್, ಬಸ್ಸು ಬಂದ್. ಬಂದರಿನ ಪಕ್ಕದ ಹಳೇ ಕ್ಯಾಸಿನೊಗೆ ಹೇಗೂ ಅದೇ ಕೊನೆಯ ದಿನ. ರಾತ್ರಿ ಇಳಿಯಬೇಕಿದ್ದ ಷಟರು ಗಾಳಿಯ ದೆಸೆಯಿಂದ ಹನ್ನೆರಡಕ್ಕೇ ಇಳಿಯಲಿತ್ತು.

ಫುಂಗ್-ಕಿಯು ಕಡಲಮ್ಮನ ಗುಡಿಯಲ್ಲಿ ಮೂರು ಊದುಬತ್ತಿ ಹಚ್ಚಿ, ಗಂಜಿ ಕುಡಿದು, ಛತ್ರಿ ಕೊಡವಿ ಒಳಗೆ ಬಂದಳು. ಅರವತ್ತೆಂಟು ವಯಸ್ಸು. (ಮೊದಲ ಕರಡಿನಲ್ಲಿ ಅವಳಿಗೆ ಜೂಜಿನ ಹುಚ್ಚು ಹಿಡಿಸಿದ್ದೆ. "ಹುಚ್ಚು ನಿಂಗೆ! ಬರೋದು ತಿಂಗಳಿಗೊಂದ್ಸಲ, ಆಡೋದು ಮುನ್ನೂರು ಡಾಲರ್" ಎಂದು ಜಗಳ ತೆಗೆದಳು. ಹರಿದು ಹಾಕಿದೆ.)

ಹಾಗಾದರೆ ನಿನಗೇನು ಬೇಕು ತಾಯಿ?

"ಒಂದು ಎಲೆ ಬಿಡಿಸ್ಬೇಕು. ನನ್ನ ಕೈಯಾರೆ. ಒಂದೇ ಒಂದು."

೨.
ಅವಳಾಡುವ ಬ್ಯಾಕರಾ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಮೇಲೆ ಎರಡು ಕಡೆ: ಒಂದು ಸಾಹುಕಾರನದು, ಒಂದು ಆಟಗಾರನದು. ನೀವು ಯಾರ ಕಡೆಗೂ ಹಣ ಕಟ್ಟಬಹುದು. ಎರಡೂ ಕಡೆಗೆ ಎರಡೆರಡು ಇಸ್ಪೀಟು ಎಲೆ. ಕಡಿಮೆ ಬಿದ್ದರೆ ಕೆಲವೊಮ್ಮೆ ಮೂರನೆಯದು. ರಾಜ, ರಾಣಿ, ಗುಲಾಮ, ಹತ್ತು—ಎಲ್ಲ ಸೊನ್ನೆ. ಮೊತ್ತ ಹತ್ತು ಮುಟ್ಟಿದರೆ ಹತ್ತನ್ನು ಮರೆತುಬಿಡಿ. ಒಂಬತ್ತಕ್ಕೆ ಹತ್ತಿರವಿದ್ದವರು ಗೆದ್ದರು. ಅಷ್ಟೇ. ಬುದ್ಧಿ ಖರ್ಚಾಗುವುದಿಲ್ಲ.

ಇಷ್ಟಕ್ಕೆ ಊರಿಗೆ ಊರೇ ಯಾಕೆ ಮುಗಿಬೀಳುತ್ತದೆ ಎನ್ನುತ್ತೀರಾ? ಗುಟ್ಟಿರುವುದು ಬಿಡಿಸುವುದರಲ್ಲಿ. ಮಗುಚಿಟ್ಟ ಎಲೆಯ ಅಂಚನ್ನು ಹೆಬ್ಬೆರಳಿನಿಂದ ಕೂದಲೆಳೆಯಷ್ಟೇ ಮಡಚಿ ಇಣುಕುವುದು. ಒಳಗಿನ ಅಂಕೆ ಆಗಲೇ ಅಚ್ಚಾಗಿದೆ, ದೇವರೂ ತಿದ್ದುವುದಿಲ್ಲ. ಆದರೂ ಆ ಅರ್ಧ ನಿಮಿಷ ವಿಧಿಯೇ ಬೆರಳಿಗೆ ಸಿಕ್ಕಂತೆ. ಬೇಡದ ಚುಕ್ಕೆ ಹಾರಿಹೋಗಲೆಂದು ಜನ ಎಲೆಗೆ ಉಫ್ ಎಂದು ಊದುತ್ತಾರೆ. (ನಗಬೇಡಿ. ನಾನೂ ಊದಿದ್ದೇನೆ.)

ಆದರೆ ಆ ಭಾಗ್ಯ ಎಲ್ಲರಿಗಿಲ್ಲ. ಒಂದು ಕಡೆಗೆ ಅತಿ ಹೆಚ್ಚು ಕಟ್ಟಿದವರಿಗೆ ಮಾತ್ರ ಆ ಕಡೆಯ ಎಲೆ. ಅವರು ಮನಸ್ಸು ಮಾಡಿದರೆ ಬೇರೆಯವರಿಗೆ ದಾಟಿಸಬಹುದು. ಕಿಯುವಿನ ಮುನ್ನೂರಕ್ಕೆ ಎಟಕುವ ಬೇರೆ ಕ್ಯಾಸಿನೊಗಳಲ್ಲೆಲ್ಲ ಈಗ ಕಂಪ್ಯೂಟರ್ ಪರದೆ. ಎಲೆ ತಾನೇ ಮಗುಚಿಕೊಳ್ಳುತ್ತದೆ.

೩.
(ಇಲ್ಲಿ ಜೂಜಿನ ಬಗ್ಗೆ ಉಪದೇಶವಿತ್ತು. ತೆಗೆದೆ.)

೪.
ಚಿಕ್ಕವಳಿದ್ದಾಗ ಕಿಯು ಟೈಪಾ ದ್ವೀಪದ ಪಟಾಕಿ ಕಾರ್ಖಾನೆಯಲ್ಲಿ ಕಾಗದ ಸುತ್ತಿದವಳು. ಕಾಗದದ ಮನಸ್ಸು ಅವಳ ಬೆರಳಿಗೆ ಗೊತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಹೊಸವರ್ಷದ ಮೂರನೇ ದಿನ, ತಾಯಿಯ ಬಳೆ ಮಾರಿ ಇದೇ ಮೇಜಿನಲ್ಲಿ ಎಲ್ಲರಿಗಿಂತ ಹೆಚ್ಚು ಕಟ್ಟಿದಳು. ಎಲೆ ಅವಳ ಮುಂದೆಯೇ ಬಂತು. ಗಂಡನ ಗೆಳೆಯ ಕುವಾನ್ ಥಟ್ಟನೆ ಎಳೆದುಕೊಂಡ.

"ಹೆಂಗಸ್ರ ಕೈ ತಣ್ಣಗೆ ಅತ್ತಿಗೆ, ಕೊಡಿಲ್ಲಿ!"

ಒಂಬತ್ತು ಬಿತ್ತು. ಕೇಕೆ, ಚಪ್ಪಾಳೆ, ಸುಟ್ಟ ಬಾತುಕೋಳಿಯ ಊಟ. ಗೆದ್ದ ಮೇಲೆ ದೂರು ಹೇಳಲು ಬಾಯೆಲ್ಲಿ? ಆಮೇಲೆ ಗಂಡ ತೀರಿಕೊಂಡ. ಅವಳ ಬೆರಳು ಮಾತ್ರ ಕಾಯುತ್ತಲೇ ಇತ್ತು.

೫.
ಈ ದಿನವೂ ಕುವಾನ್ ಅಲ್ಲೇ ಕೂತಿದ್ದ, ಗೋಡೆಯ ಫಲಕದಲ್ಲಿ ಹಿಂದಿನ ಆಟಗಳ ಗೆಲುವು ತೋರಿಸುವ ಕೆಂಪು-ನೀಲಿ ಸೊನ್ನೆಗಳನ್ನು ಪಂಚಾಂಗದಂತೆ ಓದುತ್ತ.

"ಬಂದ್ರಾ ಅತ್ತಿಗೆ? ಬಿರುಗಾಳಿಗೂ ಹೆದರಲ್ವಲ್ಲ ನೀವು."

"ಬಿರುಗಾಳಿ ಹೇಳಿಯಾದ್ರೂ ಬರತ್ತೆ ಕುವಾನ್. ಕೆಲವರು ಕೇಳದೇನೇ ಕೈ ಹಾಕ್ತಾರೆ."

ಅವನ ನಗು ಅರ್ಧಕ್ಕೇ ನಿಂತಿತು.

"ಕೊನೇ ಆಟ ದೊಡ್ಡಮ್ಮ," ಎಂದಳು ಎಲೆ ಹಂಚುವ ಹುಡುಗಿ ವಿಂಗ್.

ಕಿಯು ಸಾಹುಕಾರನ ಕಡೆಗೆ ಮುನ್ನೂರರ ಬಿಲ್ಲೆಗಳನ್ನಿಟ್ಟಳು. ಅದೇ ಕಡೆಗೆ ಕುವಾನ್ ಎರಡು ಸಾವಿರ. ಆಟಗಾರನ ಕಡೆಗೆ ಯಾರೂ ಇಲ್ಲ. ವಿಂಗ್ ತಾನೇ ತೆರೆದಳು: ನಾಲ್ಕು, ಮೂರು. ಏಳು. ಸಾಹುಕಾರನ ಎಲೆಗಳು ಕುವಾನ್‌ನ ಮುಂದೆ ಜಾರಿದವು. ಮೊದಲನೆಯದು ರಾಜ: ಸೊನ್ನೆ. ಎರಡನೆಯದರ ಉದ್ದನೆಯ ಅಂಚನ್ನು ಮೆಲ್ಲಗೆ ಮಡಚಿದ. ಒಂದು ಚುಕ್ಕೆ. ಎರಡು. ಮೂರು.

ಅಂಚಿನಲ್ಲಿ ಮೂರು ಕಂಡರೆ ಎಲೆ ಆರೋ, ಏಳೋ, ಎಂಟೋ. ನಡುವಿನ ಚುಕ್ಕೆಗಳನ್ನು ನೋಡಿದರೇ ತಿಳಿಯುವುದು. ಆರಾದರೆ ಸೋಲು, ಏಳಾದರೆ ಸಮ, ಎಂಟಾದರೆ ಗೆಲುವು.

೬.
ಮೂರು ಮುಕ್ತಾಯವನ್ನೂ ಬರೆದಿದ್ದೆ. ಎಂಟರದ್ದು ಚೆನ್ನಾಗಿತ್ತು, ಕುವಾನ್ ಕುಣಿಯುತ್ತಿದ್ದ. ಆರರದ್ದರಲ್ಲಿ ನಾನೇ ಅತ್ತಿದ್ದೆ. ಕಿಯುಗೆ ಓದಿ ಹೇಳಿದೆ.

"ನೀನೂ ಕುವಾನ್‌ನ ತಮ್ಮನೇ ಬಿಡು," ಎಂದಳು ಕಿಯು. "ನನ್ನ ಎಲೆ ಬಿಡ್ಸೋಕೆ ನೀನ್ಯಾರೋ?"

ಮೂರನ್ನೂ ಹರಿದೆ.

೭.
ಹೊರಗೆ ಗಾಳಿ ಷಟರನ್ನು ಬಡಿಯುತ್ತಿತ್ತು. "ಬೇಗ ಕುವಾನಣ್ಣ, ಹನ್ನೆರಡಾಯ್ತು," ಎಂದಳು ವಿಂಗ್.

ಕುವಾನ್‌ನ ಹೆಬ್ಬೆರಳು ಅಲ್ಲೇ ನಿಂತಿತ್ತು. ಅವನು ಎಲೆಯನ್ನು ಕೆಳಗಿಟ್ಟ. ಮಡಿಕೆಯನ್ನು ಅಂಗೈಯಿಂದ ನೀವಿದ. ಅವಳ ಮುಖ ನೋಡದೆ, ಮಗುಚಿದ ಎಲೆಯನ್ನು ಹಸಿರು ಬಟ್ಟೆಯ ಮೇಲೆ ಮೆಲ್ಲಗೆ ಅವಳ ಕಡೆಗೆ ದೂಡಿದ.

"ನಿಮ್ದು, ಅತ್ತಿಗೆ."