ನಡುವಿನ ಕೋಣೆಯ ಪ್ರಿಂಟರ್

ಅಣ್ಣಿಗೇರಿಯಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ ನನ್ನನ್ನು ಕರೆಯುತ್ತಾರೆ. ಕೆಟ್ಟಿದ್ದು ಕಂಪ್ಯೂಟರೇ ಹೌದೋ ಅಲ್ಲವೋ ಎಂದು ಮಾತ್ರ ಯಾರೂ ಮೊದಲು ನೋಡುವುದಿಲ್ಲ. ಪ್ಲಗ್ ಸಡಿಲಾಗಿರುತ್ತದೆ, ಇಲಿ ವೈರು ಕಡಿದಿರುತ್ತದೆ, ಇಲ್ಲವೇ ಅಂಗಡಿಯವರು ಸಿಟ್ಟಿಗೆದ್ದು ಕೀಬೋರ್ಡಿಗೆ ಗುದ್ದಿರುತ್ತಾರೆ. ನಾನು ಎರಡು ಮಾತು ಅಂದೇ ರಿಪೇರಿ ಮಾಡುವುದು. ಹೀಗಾಗಿ ಶಬೀನಾಳ ಬಾಯಿ ಜೋರು ಎಂದು ಊರಲ್ಲಿ ಹೆಸರಾಗಿದೆ. ಆಗಲಿ.

ಬಜಾರದ ಶಂಕ್ರಪ್ಪನವರ ಅಚ್ಚಿನ ಅಂಗಡಿಗೆ ಮಾತ್ರ ಬಾಯಿ ಬಿಗಿಹಿಡಿದೇ ಹೋಗುತ್ತಿದ್ದೆ. ಅವರು ತೀರಿಹೋದ ಮೇಲೆ ಗಂಡುಮಕ್ಕಳಿಬ್ಬರ ನಡುವೆ ಮಾತು ನಿಂತಿತ್ತು. ಎದೆನೋವು ಬಂದ ದಿನ ಅಪ್ಪನನ್ನು ಹುಬ್ಬಳ್ಳಿಗೆ ಒಯ್ಯಬೇಕೆಂದು ಹಿರಿಯ ಗೌರೀಶ, ಗದಗಿಗೆ ಒಯ್ಯಬೇಕೆಂದು ಕಿರಿಯ ಸಂಗನಬಸವ ಹಟ ಹಿಡಿದು ನಿಂತರು. ಗಾಡಿ ಬಂದು ಬಾಗಿಲಲ್ಲಿ ನಿಂತಿತ್ತು. ಇವರ ವಾದ ಮುಗಿಯುವುದರೊಳಗೆ ಅಪ್ಪ ಮುಗಿದಿದ್ದರು. ನಿನ್ನಿಂದ ಸತ್ತ ಎಂದು ಇವನು, ನಿನ್ನಿಂದ ಸತ್ತ ಎಂದು ಅವನು. ಸಂಕಟಕ್ಕೆ ಯಾರ ಮೇಲಾದರೂ ಹೊರಿಸಬೇಕಾಗಿತ್ತು, ಒಬ್ಬರ ಮೇಲೊಬ್ಬರು ಹೊರಿಸಿಕೊಂಡರು.

ಊರ ಹಿರಿಯರು ಕೂತು ಅಂಗಡಿ ಪಾಲು ಮಾಡಿದರು. ಎಡಕ್ಕೆ ಗೌರೀಶ, ಬಲಕ್ಕೆ ಸಂಗನಬಸವ. ದೊಡ್ಡ ಬಣ್ಣದ ಪ್ರಿಂಟರ್ ಒಂದೇ ಇತ್ತು, ಅದನ್ನು ಕೊಯ್ದು ಹಂಚಲು ಬರುವುದಿಲ್ಲ. ಅದು ನಡುವಿನ ಕೋಣೆಯಲ್ಲಿ ತಾಯಿ ಗೌರಕ್ಕನ ಹತ್ತಿರ ಇರಲಿ, ಇಬ್ಬರೂ ಬಳಸಲಿ ಎಂದಾಯಿತು. ಅಂದಿನಿಂದ ಗೌರಕ್ಕ ಬೆಳಿಗ್ಗೆ ಬಂದು ಪ್ರಿಂಟರಿಗೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಅದರ ಬಾಜು ಕುರ್ಚಿ ಹಾಕಿಕೊಂಡು ಕೂರತೊಡಗಿದಳು. ಮಕ್ಕಳು ಪೆನ್‌ಡ್ರೈವ್ ಹಿಡಿದು ಅಲ್ಲಿಗೆ ಬರುತ್ತಿದ್ದರು. ಅಣ್ಣನ ಚಪ್ಪಲಿ ಬಾಗಿಲಲ್ಲಿ ಕಂಡರೆ ತಮ್ಮ ವಾಪಸು ಹೋಗುತ್ತಿದ್ದ, ತಮ್ಮನದು ಕಂಡರೆ ಅಣ್ಣ. ಆದರೂ ದಿನಕ್ಕೊಮ್ಮೆ ಇಬ್ಬರ ಮುಖವೂ ತಾಯಿಗೆ ಕಾಣುತ್ತಿತ್ತು. ಒಂದಲ್ಲ ಒಂದು ದಿನ ಇಬ್ಬರೂ ಒಟ್ಟಿಗೇ ಒಳಗೆ ಬಂದಾರು ಎಂದು ಆಕೆ ಕಾಯುತ್ತಿದ್ದಳು. ಆಕೆಗೆ ಬೇರೆ ಯಾವ ಆಸೆಯೂ ಇರಲಿಲ್ಲ.

ಪೆನ್‌ಡ್ರೈವಿನಿಂದ ವೈರಸ್ ಹತ್ತಿ ಎರಡೂ ಕಡೆಯ ಫೈಲುಗಳು ಹಾಳಾದಾಗ ಇಬ್ಬರೂ ಬೇರೆಬೇರೆಯಾಗಿ ನನಗೆ ಫೋನ್ ಮಾಡಿ ಒಂದೇ ಮಾತು ಹೇಳಿದರು: ಕೂತಲ್ಲಿಂದಲೇ ಪ್ರಿಂಟ್ ಹೋಗುವ ಹಾಗೆ ಮಾಡು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ತಂತ್ರಾಂಶ ಹಾಕಿ ಅದನ್ನೇ ಸರ್ವರ್ ಮಾಡಿದೆ. ಪ್ರಿಂಟರನ್ನು ಅದಕ್ಕೆ ಜೋಡಿಸಿ, ಎರಡು ಗೋಡೆಗಳಲ್ಲೂ ತೂತು ಕೊರೆಸಿ ಕೇಬಲ್ ಎಳೆದೆ. ಯಾರು ಎಲ್ಲಿಂದ ಕಳಿಸಿದರೂ ಸರ್ವರ್ ಸರತಿಯಲ್ಲಿ ನಿಲ್ಲಿಸಿ ಒಂದೊಂದಾಗಿ ಅಚ್ಚು ಹಾಕುತ್ತದೆ. ತನ್ನ ಕಾಗದ ತಮ್ಮನದರಲ್ಲಿ ಸೇರಬಾರದೆಂದು ಗೌರೀಶ ಪಟ್ಟು ಹಿಡಿದದ್ದರಿಂದ, ಪ್ರತಿ ಕೆಲಸದ ಮೊದಲು ಅಂಗಡಿಯ ಹೆಸರಿದ್ದ ಒಂದು ಹಾಳೆ ಬರುವಂತೆಯೂ ಮಾಡಿದೆ. ಗೌರಕ್ಕ ಹೆಸರು ನೋಡಿ ವಿಂಗಡಿಸಿ, ಎರಡೂ ಗೋಡೆಗಳಲ್ಲಿದ್ದ ಸಣ್ಣ ಕಿಟಕಿಗಳಿಂದ ಆಚೆ ಕೊಡಬೇಕು. ಅಗದಿ ಚಂದ ಕೆಲಸ ಮಾಡಿತು. ನನ್ನ ಕೈಕೆಲಸದ ಬಗ್ಗೆ ನಾನೇ ಬೀಗಿಕೊಂಡು ಮನೆಗೆ ಹೋದೆ.

ಮಕ್ಕಳು ನಡುವಿನ ಕೋಣೆಗೆ ಬರುವುದು ಅಂದಿಗೇ ನಿಂತಿತು. ಕಿಟಕಿಯಲ್ಲಿ ತಾಯಿಯ ಕೈ ಅವರಿಗೆ ಕಾಣುತ್ತಿತ್ತು, ಅವರ ಕೈ ತಾಯಿಗೆ ಕಾಣುತ್ತಿತ್ತು, ಅಷ್ಟೇ.

ಮಳೆಗಾಲ ಮುಗಿಯುವ ಹೊತ್ತಿಗೆ ದೂರುಗಳು ಶುರುವಾದವು. ಗೌರೀಶನಲ್ಲಿ ಹಾಕಿಸಿದ ಲಗ್ನಪತ್ರಿಕೆಗಳು ಸಂಗನಬಸವನ ಕಿಟಕಿಗೆ ಹೋಗುತ್ತಿದ್ದವು, ಅವನ ಅರ್ಜಿಗಳು ಇವನ ಕಡೆ ಬರುತ್ತಿದ್ದವು. ನಾನು ಹೋಗಿ ಸರ್ವರ್ ತೆರೆದು ನೋಡಿದೆ. ಯಾವ ಕೆಲಸ ಯಾವ ಅಂಗಡಿಯಿಂದ ಬಂತು ಎಂಬುದೆಲ್ಲ ಅದರಲ್ಲಿ ಸರಿಯಾಗಿಯೇ ದಾಖಲಾಗಿತ್ತು. ಮಷಿನ್ ತಪ್ಪಿರಲಿಲ್ಲ. ಕೇಬಲ್ ನೋಡುವ ನೆಪದಲ್ಲಿ ಮೂಲೆಯಲ್ಲಿ ಕೂತೆ. ಗೌರಕ್ಕ ಹೆಸರಿನ ಹಾಳೆ ಎತ್ತಿ ಕನ್ನಡಕ ಸರಿಮಾಡಿಕೊಂಡು ಓದಿದಳು. ಓದಿ, ಎಡಕ್ಕೆ ಕೊಡಬೇಕಾದ ಕಟ್ಟನ್ನು ನೆಟ್ಟಗೆ ಬಲಕ್ಕೆ ಕೊಟ್ಟಳು.

ಕಣ್ಣು ಮಂಜಾಗಿದೆಯೇ ಎಂದು ಕೇಳಿದೆ. ಆಕೆ ನಕ್ಕಳು.

"ಇವರಪ್ಪ ಅಚ್ಚಿನ ಮೊಳಿ ಜೋಡಸ್ತಿದ್ರು, ನಾ ತಪ್ಪು ಹುಡಕ್ತಿದ್ದೆ. ತಿರುಗಾಮುರಗಾ ಇದ್ದ ಅಕ್ಷರಾ ಓದಿದಾಕಿ, ಇದನ್ನ ಓದಾಕ ಬರೂದಿಲ್ಲೇನವಾ? ಬೇಕಂತನ ಅದಲಬದಲ ಮಾಡಾಕತ್ತೇನಿ. ತಪ್ಪಿದ ಕಾಗದಾ ಕೇಳಾಕರ ಒಬ್ಬಾವ ಇನ್ನೊಬ್ಬನ ಹೊಚ್ಚಲಾ ತುಳೀಲಿ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೊರಗೆ ಬಂದು ನೆಟ್‌ವರ್ಕಿನ ತೊಂದರೆ, ನೋಡುತ್ತೇನೆ ಎಂದು ಇಬ್ಬರಿಗೂ ಹೇಳಿದೆ. ನನ್ನ ಕೆಲಸಕ್ಕೆ ನಾನೇ ಕೆಟ್ಟ ಹೆಸರು ತಂದುಕೊಂಡದ್ದು ಅದೊಂದೇ ಸಲ. ಆದರೆ ಆ ಕಲ್ಲುಮನಸ್ಸಿನ ಮಕ್ಕಳು ಹೊಸ್ತಿಲು ತುಳಿಯಲಿಲ್ಲ. ತಪ್ಪಿ ಬಂದ ಕಾಗದವನ್ನು ಅದೇ ಕಿಟಕಿಯಿಂದ ತಾಯಿಯ ಕೈಗೇ ತಿರುಗಿ ಹಾಕುತ್ತಿದ್ದರು. ಗೌರಕ್ಕನೂ ಸೋಲಲಿಲ್ಲ, ಮರುದಿನ ಮತ್ತೆ ಅದಲುಬದಲು ಮಾಡುತ್ತಿದ್ದಳು.

ಹಾಗಿರುವಾಗ ಶಲವಡಿಯ ಒಂದು ಮನೆತನದವರು ಗೌರೀಶನಲ್ಲಿ ಮಗಳ ಲಗ್ನಪತ್ರಿಕೆ ಹಾಕಿಸಿದರು. ಅದೇ ದಿನ ಸಂಗನಬಸವನಿಗೆ ಬೇರೆ ಯಾರದೋ ಶಿವಗಣಾರಾಧನೆಯ ಪತ್ರಿಕೆಗಳು ಬಂದಿದ್ದವು, ಸತ್ತವರ ಹೆಸರಿನಲ್ಲಿ ಬಂಧುಗಳನ್ನು ಊಟಕ್ಕೆ ಕರೆಯುವ ಪತ್ರಿಕೆ. ಎರಡೂ ಒಂದೇ ಅಳತೆಯ ಕಾಗದ. ಗೌರಕ್ಕ ಎಂದಿನಂತೆ ಒಂದಿಷ್ಟನ್ನು ಅತ್ತಿತ್ತ ಸೇರಿಸಿದಳು. ಶಲವಡಿಯವರು ಅವಸರ ಮಾಡಿದ್ದರಿಂದ ಗೌರೀಶ ಒಳಗೆ ನೋಡದೆ ಕಟ್ಟಿ ಕೊಟ್ಟುಬಿಟ್ಟ. ಮನೆಯಲ್ಲಿ ಪತ್ರಿಕೆಗಳನ್ನು ದೇವರ ಮುಂದಿಟ್ಟು, ಮದುಮಗಳ ಸೋದರತ್ತೆ ಒಂದೊಂದರ ಮೂಲೆಗೂ ಅರಿಸಿನ ಹಚ್ಚುತ್ತಾ ಬಂದಿದ್ದಾಳೆ. ನಡುವೆ ಸತ್ತವರ ಫೋಟೋ ಬಂದಿದೆ. ಆಕೆ ಅದಕ್ಕೂ ಅರಿಸಿನ ಹಚ್ಚಿಬಿಟ್ಟಿದ್ದಳು.

ಮಧ್ಯಾಹ್ನ ಟ್ರ್ಯಾಕ್ಸ್ ಗಾಡಿ ತುಂಬ ಜನ ಬಂದು ಇಡೀ ಬಜಾರಕ್ಕೆ ಕೇಳುವಂತೆ ಕೂಗಾಡಿದರು. ಗೌರೀಶ ಅವರ ಕಾಲಿಗೆ ಬಿದ್ದ. ಮದುಮಗಳ ತಾಯಿ ಬಯ್ಯಲಿಲ್ಲ, ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತಳು. ಆ ಅಳು ಗೋಡೆಯಾಚೆ ಗೌರಕ್ಕನಿಗೆ ಕೇಳಿಸಿತು. ಆಕೆ ಆ ದಿನ ಊಟ ಮಾಡಲಿಲ್ಲ.

ಸಂಜೆ ನನ್ನನ್ನು ಕರೆಸಿದರು. ನಾನು ಹೋದಾಗ ಇಬ್ಬರೂ ನಡುವಿನ ಕೋಣೆಯಲ್ಲಿದ್ದರು. ಒಬ್ಬ ಈ ಗೋಡೆಗೆ, ಒಬ್ಬ ಆ ಗೋಡೆಗೆ ಆತು ನಿಂತಿದ್ದರು. ತಪ್ಪು ಮಷಿನ್ನಿನದೋ ಅವ್ವನದೋ ಖರೆ ಹೇಳು, ಮಷಿನ್ನಿನದಾದರೆ ನಾಳೆಯೇ ಬೇರೆ ಪ್ರಿಂಟರ್ ತರುತ್ತೇನೆ ಎಂದು ಗೌರೀಶ ನನ್ನನ್ನು ಕೇಳಿದ. ತಾನೂ ತರುತ್ತೇನೆಂದು ಸಂಗನಬಸವ ನನಗೇ ಹೇಳಿದ. ನಾನು ಬಾಯಿ ತೆರೆಯುವ ಮೊದಲೇ ಗೌರಕ್ಕ ಮಾತಾಡಿದಳು.

"ಮಷಿನ್ ಛಲೋ ಐತಿ. ನನಗ ತಿಳೀವಲ್ದಪಾ. ಯಾವುದು ಯಾರದು ಅನ್ನೂದ ಮರತಹೋಗತೈತಿ."

ಗೌರೀಶ ಗೋಡೆ ಬಿಟ್ಟು ಮುಂದೆ ಬಂದ. ತಮ್ಮನ ಮುಖ ನೋಡಿದ.

"ಯಾವಾಗಿಂದ ಹಿಂಗ? ನಿನಗ ಗೊತ್ತಿತ್ತೇನಲೇ?"

"ಇಲ್ಲೋ ಅಣ್ಣಾ," ಅಂದ ಸಂಗನಬಸವ.

ಅಪ್ಪ ಸತ್ತ ದಿನದ ಜಗಳದ ನಂತರ ಅವರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಅದು. ಗೌರಕ್ಕ ತಲೆ ಎತ್ತಲಿಲ್ಲ. ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳೆಂದು ಒಬ್ಬ ನೆನಪಿಸಿಕೊಂಡ, ಕರೆದರೆ ಓಗೊಡುತ್ತಿರಲಿಲ್ಲವೆಂದು ಇನ್ನೊಬ್ಬ. ಇಲ್ಲದ ಕಾಯಿಲೆಗೆ ಇಬ್ಬರೂ ಕೂಡಿ ಪುರಾವೆ ಹುಡುಕಿದರು. ಯಾರೋ ಚಹಾ ತಂದರು, ಒಂದೇ ಬೆಂಚಿನ ಮೇಲೆ ಕೂತು ಕುಡಿದರು. ಯಾವ ಡಾಕ್ಟರಿಗೆ ತೋರಿಸುವುದೆಂಬ ಮಾತು ಬಂದಾಗ ಮತ್ತೆ ದನಿ ಏರಿತು. ಹಳೆಯ ಗಾಯಕ್ಕೆ ಕೈ ತಗುಲಿದಂತಾಗಿ ಗೌರೀಶ ಕಪ್ಪು ಕೆಳಗಿಟ್ಟು ಎದ್ದು ನಿಂತ.

"ನಿಮ್ಮಪ್ಪಾರು ಉಂಡ್ರೇನಪಾ?" ಎಂದು ಗೌರಕ್ಕ ಅವನನ್ನು ಕೇಳಿದಳು.

ಗೌರೀಶ ಹಾಗೇ ಬೆಂಚಿನ ಮೇಲೆ ಕುಸಿದ. ಮುಖ ಮುಚ್ಚಿಕೊಂಡು ಅತ್ತ. ಸಂಗನಬಸವ ಅಣ್ಣನ ಬೆನ್ನ ಮೇಲೆ ಕೈಯಿಟ್ಟ. ನೀನು ಹೇಳಿದ ಡಾಕ್ಟರಿಗೇ ತೋರಿಸೋಣ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಡಾಕ್ಟರು ವಯಸ್ಸಿನ ಮರೆವು ಅಂದರು. ಒಬ್ಬಳೇ ಮಷಿನ್ನುಗಳ ನಡುವೆ ಕೂರುವುದು ಬೇಡವೆಂದು ಅಣ್ಣತಮ್ಮಂದಿರು ಮಾತಾಡಿಕೊಂಡು, ಆಕೆಯನ್ನು ಅಳ್ನಾವರಕ್ಕೆ ಕೊಟ್ಟಿದ್ದ ತಮ್ಮ ತಂಗಿ ಶೈಲಾಳ ಮನೆಗೆ ಕಳಿಸಲು ನಿರ್ಧರಿಸಿದರು. ಹೊರಡುವ ಹಿಂದಿನ ದಿನ ನಾನು ಗೌರಕ್ಕನೊಡನೆ ಜಗಳಕ್ಕೇ ಬಿದ್ದೆ. ಇದು ಅನ್ಯಾಯ, ನೀವು ಹೇಳದಿದ್ದರೆ ನಾನೇ ಖರೆ ಹೇಳುತ್ತೇನೆ ಅಂದೆ. ಆಕೆ ನನ್ನ ಕೈ ಹಿಡಿದುಕೊಂಡಳು. ಹೇಳಿದರೆ ಮತ್ತೆ ಗೋಡೆಯ ಆ ಕಡೆ ಒಬ್ಬ, ಈ ಕಡೆ ಒಬ್ಬ ಆಗುತ್ತಾರೆ, ಶಲವಡಿಯ ಹೆಣ್ಣುಮಗಳ ಕಣ್ಣೀರಿಗೂ ತಾನು ಏನಾದರೂ ತೆರಬೇಕಲ್ಲ ಅಂದಳು.

ಆಮೇಲೆ ಗೋಡೆಯ ಕಿಟಕಿಗಳನ್ನು ಮುಚ್ಚಿಸಿದರು. ಪ್ರಿಂಟರ್ ನಡುವಿನ ಕೋಣೆಯಲ್ಲೇ ಉಳಿಯಿತು. ಈಗ ಕಾಗದ ತೆಗೆದುಕೊಳ್ಳಲು ಇಬ್ಬರೂ ತಾವೇ ಒಳಗೆ ಬರುತ್ತಾರೆ, ಬಂದವರು ನಿಂತು ಅವ್ವನ ಔಷಧಿಯ ಬಗ್ಗೆ ಮಾತಾಡುತ್ತಾರೆ. ಆಕೆ ಕಾಯುತ್ತ ಕೂತಿದ್ದ ಜಾಗದಲ್ಲಿ ಕಾಗದದ ಡಬ್ಬಿಗಳನ್ನು ಒಟ್ಟಿದ್ದಾರೆ.

ಹೋದ ತಿಂಗಳು ಕೆಲಸದ ಮೇಲೆ ಅಳ್ನಾವರಕ್ಕೆ ಹೋದವಳು ಶೈಲಾಳ ಮನೆಗೂ ಹೋದೆ. ಅಂದು ಭಾನುವಾರ. ಶೈಲಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಲ್ಲಿ ಗೌರಕ್ಕ ನನ್ನನ್ನು ಹತ್ತಿರ ಕೂರಿಸಿಕೊಂಡು, ಸಣ್ಣ ದನಿಯಲ್ಲಿ ನನ್ನ ಅಂಗಡಿ, ನನ್ನ ಅಮ್ಮಿ ಅಜೀಜಾಬಿಯ ಮಂಡಿನೋವು, ಊರಿನ ಸುದ್ದಿ ಎಲ್ಲ ವಿಚಾರಿಸಿದಳು. ಏನೊಂದನ್ನೂ ಮರೆತಿರಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಸಪ್ಪಳವಾಯಿತು. ಗೌರೀಶ, ಸಂಗನಬಸವ ಒಂದೇ ರೈಲಿಗೆ ಬಂದಿದ್ದರು. ಸಂತೆಯ ಚೀಲದ ಒಂದು ಕಿವಿ ಇವನ ಕೈಯಲ್ಲಿ, ಒಂದು ಕಿವಿ ಅವನ ಕೈಯಲ್ಲಿ. ಗೌರಕ್ಕ ಕಣ್ತುಂಬ ನೋಡಿದಳು. ಅವರು ಹೊಸ್ತಿಲು ದಾಟುವಷ್ಟರಲ್ಲಿ ಮುಖವನ್ನು ಬರಿದು ಮಾಡಿಕೊಂಡು ಕುಳಿತಳು.

ಇಬ್ಬರೂ ಆಕೆಯ ಕಾಲ ಬಳಿ ಕೂತರು. ಗೌರೀಶ ಆಕೆಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡ.

"ಯವ್ವಾ, ಇಲ್ಲಿ ನೋಡು. ನಾ ಯಾರು ಹೇಳು?"

ಗೌರಕ್ಕ ಹಿರಿಯ ಮಗನನ್ನು ನೋಡಿದಳು. ಅವನ ಹೆಗಲಿಗೆ ತಾಗಿ ಕೂತಿದ್ದ ಕಿರಿಯನನ್ನೂ ನೋಡಿದಳು.

"ಗುರ್ತ ಸಿಗವಲ್ದಪಾ," ಅಂದಳು.