ಪಕ್ಕದಲ್ಲಿ ಕೂರುವ ಕೆಲಸ

ನರ್ಸ್ ಪರವಾನಗಿ ನವೀಕರಿಸಲು ಕಂಪ್ಯೂಟರಿನಲ್ಲಿ ತುಂಬಬೇಕಾದದ್ದು ಎರಡೇ ಪುಟದ ಅರ್ಜಿ. ಸೂಚನೆ ಬಂದು ಎರಡು ತಿಂಗಳಾಗಿತ್ತು. ಇವತ್ತು ಸಂಜೆ ನಾಲ್ಕಕ್ಕೆ ಗಡುವು. ಮೀರಿದರೆ ನಾಳೆಯಿಂದ ನಾನು ವೃದ್ಧಾಶ್ರಮದ ವಾರ್ಡಿಗೆ ಕಾಲಿಡುವಂತಿಲ್ಲ. ಅಲ್ಲಿ ನಲವತ್ತು ಜನರಿಗೆ ಗಂಟೆ ತಪ್ಪದೆ ಮಾತ್ರೆ ಕೊಡುವ ನಾನೇ ಮನೆಯಲ್ಲಿ ಒಂದು ಲಕೋಟೆ ಒಡೆಯಲು ಮುಹೂರ್ತ ನೋಡುತ್ತೇನೆ. ನಲವತ್ಮೂರನೇ ವಯಸ್ಸಿನಲ್ಲಿ ವೈದ್ಯೆ, ನನ್ನದು ಗಮನ ಒಂದೆಡೆ ನಿಲ್ಲದ ತೊಂದರೆ, ಎಡಿಎಚ್‌ಡಿ ಎಂದು ಹೇಳಿದಾಗ ನಮ್ಮಮ್ಮ, "ಸದ್ಯ, ಸೋಮಾರಿತನಕ್ಕೂ ಒಂದು ಹೆಸ್ರು ಸಿಕ್ತಲ್ಲ," ಎಂದಿದ್ದಳು.

ನನ್ನಂಥವರ ಗುಂಪಿನಲ್ಲಿ ಒಂದು ಉಪಾಯ ಹೇಳಿಕೊಟ್ಟಿದ್ದಾರೆ. ಪಕ್ಕದಲ್ಲಿ ಇನ್ನೊಬ್ಬರು ಸುಮ್ಮನೆ ಕೂತಿರಬೇಕು, ಅಷ್ಟೆ. ಸಹಾಯ ಮಾಡಬಾರದು, ಬುದ್ಧಿ ಹೇಳಬಾರದು. ಯಾರಾದರೂ ನೋಡುತ್ತಿದ್ದರೆ ನಮ್ಮ ಮಂಗನ ಬುದ್ಧಿ ಕೊಂಬೆಯಿಂದ ಇಳಿಯುತ್ತದಂತೆ. ಹಾಗಾಗಿ ಎದುರುಮನೆಯ ಓರೆಸ್ಟ್ ಅವರನ್ನು ಕರೆದೆ. ಎಪ್ಪತ್ತೆಂಟು ವಯಸ್ಸು, ರೈಲ್ವೆಯಿಂದ ನಿವೃತ್ತರು, ಸಾಸ್ಕಟೂನ್ ಎಂಬ ಇಲ್ಲಿನ ಕಾಡುಹಣ್ಣು ತುಂಬಿ ಬೇಯಿಸಿದ ಸಿಹಿ ಪೈ ಎಂದರೆ ಪ್ರಾಣ. ಕೂಲಿಯಾಗಿ ಅದನ್ನೇ ಕೊಡುತ್ತೇನೆಂದಿದ್ದೆ. ಎರಡು ಗಂಟೆಗೆ ಬೂಟಿನ ಹಿಮ ಕೊಡವಿ ಬಂದು, ಪದಬಂಧ ಹಿಡಿದು ನನ್ನ ಅಡುಗೆಮನೆಯಲ್ಲಿ ಕೂತರು.

"ನಾನೇನ್ ಮಾಡ್ಬೇಕಮ್ಮ?"

"ಏನೂ ಮಾಡ್ಬೇಡಿ. ನಾನು ಎದ್ದು ಹೋದ್ರೆ ಒಂದ್ಸಲ ಕೆಮ್ಮಿ."

"ಇಷ್ಟಕ್ಕೆಲ್ಲ ಪೈ ಕೊಡ್ತಾರೆ ಅಂತ ಗೊತ್ತಿದ್ರೆ ನಾನು ರೈಲ್ವೆ ಸೇರ್ತಾನೇ ಇರ್ಲಿಲ್ಲ."

ಹೆಸರು ತುಂಬಿದೆ. ವಿಳಾಸ ತುಂಬಿದೆ. ಭಾರಿ ಸಾಧನೆ. ಮೂರನೇ ಪ್ರಶ್ನೆ ಈ ವರ್ಷದ ತರಬೇತಿ ಪತ್ರದ ಸಂಖ್ಯೆ ಕೇಳಿತು. ಅದನ್ನು ಹುಡುಕಲು ಡ್ರಾಯರ್ ಎಳೆದರೆ ಹಲ್ಲುಜ್ಜುವ ಹಳೇ ಬ್ರಷ್ ಸಿಕ್ಕಿತು. ಬ್ರಷ್ ಕಂಡದ್ದೇ ಫ್ರಿಜ್ ಬಾಗಿಲಿನ ರಬ್ಬರಿನ ಕೊಳೆ ನೆನಪಾಯಿತು. ಹನ್ನೊಂದು ವರ್ಷ ನನ್ನ ಕಣ್ಣಿಗೇ ಬೀಳದ ಕೊಳೆ. ಮಂಡಿಯೂರಿ ಉಜ್ಜತೊಡಗಿದೆ. ಓರೆಸ್ಟ್ ಕೆಮ್ಮಿದರು. ನಾನು ಎದ್ದು ಅವರಿಗೆ ನೀರು ಕೊಟ್ಟು, ಮತ್ತೆ ಉಜ್ಜಲು ಕೂತೆ. ಅವರು ಇನ್ನೂ ಎಷ್ಟೋ ಸಲ ಕೆಮ್ಮಿದರು. ಕೊನೆಗೆ ನಿಯಮ ಮುರಿದರು.

"ನೆಗಡಿ ಅಲ್ಲಮ್ಮ," ಎಂದರು. "ಅರ್ಜಿ."

ಗಂಟೆ ಮೂರೂ ಇಪ್ಪತ್ತು. ನನಗೆ ಅಳು ಬಂದುಬಿಟ್ಟಿತು. ನಲವತ್ತೇಳು ವರ್ಷದ ಹೆಂಗಸು, ಕೆಲಸ ಕೈಬಿಟ್ಟು ಹೋಗುತ್ತಿರುವಾಗ ಫ್ರಿಜ್ ತೊಳೆಯುತ್ತಾ ಕೂತಿದ್ದೇನೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಓರೆಸ್ಟ್ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡು ಪದಬಂಧಕ್ಕೆ ತಲೆ ಬಗ್ಗಿಸಿದರು. ನಾನೂ ಬಂದು ಕೂತೆ. ತರಬೇತಿ ಪತ್ರ ಲ್ಯಾಪ್‌ಟಾಪಿನ ಅಡಿಯಲ್ಲೇ ಇತ್ತು. ಮರೆಯಬಾರದೆಂದು ಬೆಳಿಗ್ಗೆ ಅಲ್ಲಿಟ್ಟ ಜಾಣೆ ನಾನೇ. ಮೂರೂ ಐವತ್ನಾಲ್ಕಕ್ಕೆ ಅರ್ಜಿ ಸ್ವೀಕೃತವಾಯಿತು.

ಪೈ ಕತ್ತರಿಸಿ ಕೊಟ್ಟೆ. ಅವರು ತಟ್ಟೆ ಮುಟ್ಟಲಿಲ್ಲ.

"ಲೋರ್ನಾ, ನಾಳೆ ಒಂಚೂರು ನಮ್ಮನೇಗೆ ಬರ್ತೀಯಾ? ನನ್ ಹೆಂಡ್ತಿ ಹೋಗಿ ಎರಡು ವರ್ಷ ಆಯ್ತು. ಅವಳ ಬಟ್ಟೆ ಬೀರು ಇನ್ನೂ ತೆಗೆದಿಲ್ಲ. ನೀನೇನೂ ಮಾಡ್ಬೇಡ. ಸುಮ್ನೆ ಕೂತಿರು."

ಸುಮ್ಮನೆ ಕೂರುವ ಕೆಲಸಕ್ಕೆ ನನ್ನನ್ನು ಈವರೆಗೆ ಯಾರೂ ಕರೆದಿರಲಿಲ್ಲ.

"ನನ್ ಕೈಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರೋಕಾಗಲ್ಲ," ಎಂದೆ. "ನೀವೇ ನೋಡಿದ್ರಲ್ಲ."

"ಹತ್ತೇ ನಿಮಿಷ ಸಾಕಮ್ಮ," ಎಂದರು. "ಅದಕ್ಕಿಂತ ಜಾಸ್ತಿ ನನ್ ಕೈಲೂ ಆಗಲ್ಲ."