ಆರುಮುಗಂ ಕಟ್ಟಿದ ಕಾಯಿ

ಬೂದಿಕೋಟೆಯ ಆಚೆ ನಾಟಿ ವೈದ್ಯ ರಾಮಚಂದ್ರಪ್ಪನ ಮನೆ. ಅವನ ಲೇಹ್ಯ ತಿಂದು ಕ್ಷಯ ವಾಸಿಯಾದವರು ಮನೆಯೆದುರಿನ ಬೇವಿನ ಮರಕ್ಕೆ ಮುನೇಶ್ವರನ ಹೆಸರಿನಲ್ಲಿ ಕೆಂಪು ಬಟ್ಟೆ ಸುತ್ತಿದ ತೆಂಗಿನಕಾಯಿ ಕಟ್ಟುತ್ತಿದ್ದರು. ಮಾರಿಕುಪ್ಪಂನ ಕನಕಮ್ಮ ಕತ್ತೆತ್ತಿ ಎಣಿಸಿದಳು. ಅರವತ್ತಮೂರು! ಅಷ್ಟು ಜನ ಬದುಕಿದ ಮೇಲೆ ತನ್ನ ಗಂಡನೊಬ್ಬ ಸಾಯುತ್ತಾನೆಯೇ?

ಗಂಡ ಆರುಮುಗಂ ಚಿನ್ನದ ಗಣಿಯ ಕೂಲಿ. ರಕ್ತ ಕಾರಿದ ಮೇಲೆ ಆಸ್ಪತ್ರೆಯಲ್ಲಿ ಎರಡು ತಿಂಗಳು ದಿನವೂ ಸೂಜಿ ಚುಚ್ಚಿದ್ದರು. ಕೆಮ್ಮು ಇಳಿದಿತ್ತು. ಒಂದೂವರೆ ವರ್ಷ ಬಿಡಬಾರದು ಎಂದು ಡಾಕ್ಟರು ಹೇಳಿದ್ದರು. ಚುಚ್ಚಿದ ಕಡೆ ಕೂರಲೂ ಆಗದಷ್ಟು ನೋವು, ಪಾಪ, ಯಾರು ತಡೆದುಕೊಂಡಾರು?

“ನನ್ ಲೇಹ್ಯ ತಿನ್ನೋವಾಗ ಸೂಜಿ ಮುಟ್ಟಂಗಿಲ್ಲ ತಾಯಿ,” ಎಂದ ರಾಮಚಂದ್ರಪ್ಪ. ಕನಕಮ್ಮನೇ ಸೂಜಿ ಬಿಡಿಸಿದಳು.

ತಿಂಗಳಲ್ಲಿ ಕೆಮ್ಮು ಪೂರ್ತಿ ನಿಂತಿತು. ಆರುಮುಗಂ ತಾನೇ ಹೋಗಿ ಕಾಯಿ ಕಟ್ಟಿ, “ನೋಡ್ದಾ ಕನಕಾ, ನಂದೂ ಒಂದು!” ಎಂದು ನಕ್ಕ. ಅಯ್ಯೋ, ಕೆಲಸ ಮಾಡಿದ್ದು ಆ ಎರಡು ತಿಂಗಳ ಸೂಜಿ, ಹೆಸರು ಬಂದದ್ದು ಲೇಹ್ಯಕ್ಕೆ!

ಸಂಕ್ರಾಂತಿಗೆ ಮತ್ತೆ ರಕ್ತ. ಸೂಜಿ ಯಾಕೆ ಬಿಡಿಸಿದೆ ಎಂದು ಡಾಕ್ಟರು ಗದರಿದಾಗ ಕನಕಮ್ಮ ಅರವತ್ತಮೂರು ಕಾಯಿಯ ಲೆಕ್ಕ ಒಪ್ಪಿಸಿದಳು.

“ಎಷ್ಟು ಜನದಲ್ಲಿ ಅರವತ್ತಮೂರು? ನೂರರಲ್ಲೋ, ಸಾವಿರದಲ್ಲೋ?” ಡಾಕ್ಟರ ದನಿ ಇಳಿಯಿತು. “ಸತ್ತವರು ಕಾಯಿ ಕಟ್ಟೋಕೆ ಬರ್ತಾರೇನಮ್ಮ?”

ನಡುವೆ ಬಿಟ್ಟ ಸೂಜಿ ಮತ್ತೆ ಚುಚ್ಚಿದರೂ ಕೆಲಸ ಮಾಡಲಿಲ್ಲ. ಮೂರು ವಾರಕ್ಕೆ ಆರುಮುಗಂ ತೀರಿಕೊಂಡ. ತನ್ನ ಕೈಯಾರೆ ಕೊಂದೆನೆಂದು ಕನಕಮ್ಮ ಗೋಡೆಗೆ ತಲೆ ಚಚ್ಚಿಕೊಂಡಳು.

ತಿಥಿ ಮುಗಿಸಿ ಬೂದಿಕೋಟೆಗೆ ಬಂದವಳು ಸೀದಾ ಬೇವಿನ ಮರದ ಕಟ್ಟೆ ಹತ್ತಿ ಗಂಡನ ಕಾಯಿಗೆ ಕೈ ಹಾಕಿದಳು.

“ದೇವ್ರಿಗೆ ಕಟ್ಟಿದ್ದು ಬಿಚ್ಚಬಾರ್ದು ತಾಯಿ,” ರಾಮಚಂದ್ರಪ್ಪ ಓಡಿ ಬಂದ. “ಕಟ್ಟಿದ್ ದಿನ ಅವ್ನು ಚೆನ್ನಾಗೇ ಇದ್ನಲ್ಲ!”

“ಸತ್ತೋರ್ಗೂ ಒಂದ್ ಮರ ಇಟ್ಟಿದ್ದೀಯೇನಯ್ಯಾ? ತೋರ್ಸು, ಅಲ್ಲಿ ಕಟ್ತೀನಿ!” ಎಂದು ಕನಕಮ್ಮ ಗಂಟು ಕಿತ್ತಳು.

ಮರದ ಕೆಳಗೆ, ಲೇಹ್ಯಕ್ಕೆಂದು ಬಂದ ಆಂಡರ್ಸನ್‌ಪೇಟೆಯ ಮುನಿರತ್ನಮ್ಮ ಗಂಡ ಕುಪ್ಪುಸ್ವಾಮಿಯ ಜೊತೆ ನಿಂತಿದ್ದಳು. ಅವನು ಸಣಕಲಾದರೂ ಗೆಲುವಾಗಿದ್ದ.

“ಇವ್ರಿಗೆ ಸೂಜಿ ಆಗ್ತಾ ಐತಾ?” ಕನಕಮ್ಮ ಕಟ್ಟೆ ಇಳಿದು ಕೇಳಿದಳು.

“ಎರಡ್ ತಿಂಗ್ಳು ಆಯ್ತಕ್ಕಾ. ಕೆಮ್ಮು ಕಡ್ಮೆ ಆಗೋಯ್ತು, ಮೊನ್ನೆ ಬಿಡ್ಸಿಬಿಟ್ಟೆ.”

“ಅಯ್ಯೋ, ಇವತ್ತೇ ಆಸ್ಪತ್ರೆಗೆ ಓಗಮ್ಮ! ನಿನ್ ಕಾಲಿಗ್ ಬೀಳ್ತೀನಿ. ಇಂಗೇ ಬಿಡ್ಸಿ ನನ್ ಗಂಡನ್ನ ಮಣ್ಣಿಗ್ ಆಕ್ದೆ. ಈ ಕಾಯಿ ಅವ್ನು ಕಟ್ಟಿದ್ದು.”

ಮುನಿರತ್ನಮ್ಮ ಅವಳ ಕೈಯಲ್ಲಿದ್ದ ಕಾಯಿಯನ್ನು ನೋಡಿದಳು, ಆಮೇಲೆ ಮರವನ್ನು ನೋಡಿದಳು.

“ಅದೊಂದು ಕಿತ್ರೂ ಇನ್ನೂ ಎಪ್ಪತ್ತು ಕಾಯಿ ಅವೆಯಲ್ಲಕ್ಕಾ,” ಎಂದು ಗಂಡನ ಕೈಹಿಡಿದು ವೈದ್ಯನ ಮನೆಯೊಳಗೆ ಹೋದಳು.